ಕೋವಿಯ ಕತೆಯೂ ಕೋವಿಯ ಗುರುತೂ

ಒಂಬತ್ತನೆಯ ತರಗತಿಯ ಮಕ್ಕಳಿಗೆ ಬಿಡುವಿನ ಅವಧಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವನ್ನು ಓದಿಹೇಳುವುದು ನನ್ನ ವಾಡಿಕೆ. ಜಿಮ್ ಕಾರ್ಬೆಟ್ ಸಾಹೇಬರು 1926ರ ಮೇ ತಿಂಗಳ ಮೊದಲಲ್ಲಿ ಆ ಚಿರತೆಯನ್ನು ಕೆಡೆದ ಭಾಗವನ್ನು ಮುಗಿಸಿ ಪುಸ್ತಕ ಮುಚ್ಚುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: “ಮಾಷ್ಟ್ರೇ, ಆ ಕೋವಿ ಈಗ ಎಲ್ಲಿ ಉಂಟು? ಅದೇ ಕೋವಿ ಅಂತ ಹೇಗೆ ಗೊತ್ತಾಗುವುದು?”

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದು ಕೋವಿ ಸಂಗ್ರಹಿಸುವವರೂ ಮಾರುವವರೂ ಮ್ಯೂಸಿಯಮ್ಮಿನವರೂ ನೂರು ವರ್ಷಗಳಿಂದ ತಲೆ ಕೆಡಿಸಿಕೊಂಡ ಪ್ರಶ್ನೆ. ಅದಕ್ಕೂ ನಮ್ಮ ಊರಿನ ಕೆಲವು ಮನೆಗಳ ಅಟ್ಟಕ್ಕೂ ಸಂಬಂಧ ಇದೆಯೆಂದು ತೋರಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಕಾರ್ಬೆಟ್ಟರ ಕೈಯಲ್ಲಿದ್ದ ಆ ಹಗುರ ರೈಫಲು ಲಂಡನಿನ ಜಾನ್ ರಿಗ್ಬಿ ಕಂಪೆನಿಯದು, .275 ಬೋರಿನದು. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಅವರು ಅದನ್ನು ಉಡುಗೊರೆಯಾಗಿ ಕೊಟ್ಟರು. 436 ಜನರನ್ನು ಕೊಂದಿತ್ತೆಂದು ಹೇಳುವ ಹುಲಿ ಅದು. ಕಾರ್ಬೆಟ್ 1947ರಲ್ಲಿ ಭಾರತ ಬಿಟ್ಟು ಕೀನ್ಯಾಕ್ಕೆ ಹೋದರು, 1955ರಲ್ಲಿ ಅಲ್ಲಿಯೇ ತೀರಿಕೊಂಡರು. ಕೋವಿ ಅವರ ಪುಸ್ತಕಗಳ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ವಶಕ್ಕೆ ಬಂದು ಬಹುಕಾಲ ಅಲ್ಲಿತ್ತು. 2015ರಲ್ಲಿ ರಿಗ್ಬಿ ಕಂಪೆನಿಯೇ ಅದನ್ನು ಕೊಂಡುಕೊಂಡಿತು. 2016ರಲ್ಲಿ ಒಮ್ಮೆ ಭಾರತಕ್ಕೂ ತಂದು ಕುಮಾವೂಂ ಕಡೆಯ ಜನರಿಗೆ ತೋರಿಸಿದರು.

ಇನ್ನು ಎರಡನೆಯ ಪ್ರಶ್ನೆ. ಆ ಕೋವಿಯ ಮರದಲ್ಲಿ ಒಂದು ಬೆಳ್ಳಿಯ ತಗಡು ಇದೆ. ಯಾರು ಯಾರಿಗೆ ಯಾವ ಕಾರಣಕ್ಕೆ ಕೊಟ್ಟರೆಂದು ಅದರಲ್ಲಿ ಕೆತ್ತಿದ್ದಾರೆ. ಸಾಮಾನ್ಯರಾದ ನಾವು ಆ ತಗಡನ್ನು ಓದಿ ಕೈಮುಗಿಯುತ್ತೇವೆ. ಬಲ್ಲವರು ತಗಡನ್ನು ಕೊನೆಗೆ ನೋಡುತ್ತಾರೆ. ಬೆಳ್ಳಿಯ ತಗಡು ಮಾಡಿ ಅಕ್ಷರ ಕೆತ್ತುವುದು ನಮ್ಮ ಪೇಟೆಯ ಅಕ್ಕಸಾಲಿಗನಿಗೂ ಅರ್ಧ ದಿನದ ಕೆಲಸ. ಉಕ್ಕಿನಲ್ಲಿ ಹೊಡೆದ ಕ್ರಮಸಂಖ್ಯೆ, ಅದಕ್ಕೆ ಸರಿಯಾಗಿ ಕಂಪೆನಿಯ ಲೆಕ್ಕದ ಪುಸ್ತಕದಲ್ಲಿರುವ ಬರಹ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದುದಕ್ಕೆ ಇರುವ ದಾಖಲೆ: ಈ ಮೂರೂ ಒಂದನ್ನೊಂದು ಹಿಡಿದುಕೊಂಡರೆ ಮಾತ್ರ ತಗಡಿನ ಮಾತಿಗೆ ಬೆಲೆ. ಹಳೆಯ ಇಂಗ್ಲೀಷು ಕೋವಿ ಕಂಪೆನಿಗಳು ಪ್ರತಿಯೊಂದು ಕೋವಿಗೂ ಇಂಥ ನಂಬರು, ಇಂಥ ಬೋರು, ಇಷ್ಟುದ್ದದ ನಳಿಗೆ, ಇಂಥವರಿಗೆ ಕೊಟ್ಟದ್ದು ಎಂದು ಕೈಬರಹದಲ್ಲಿ ಬರೆದಿಟ್ಟವು. ನಮ್ಮ ಶಾಲೆಯ ದಾಖಲಾತಿ ಪುಸ್ತಕದ ಹಾಗೆಯೇ. ವರ್ಷಗಳ ನಂತರ ಹುಟ್ಟಿದ ತಾರೀಕಿನ ಜಗಳ ಬಂದಾಗ ಅಪ್ಪ ಅಮ್ಮ ಹೇಳಿದ್ದಕ್ಕಿಂತ ಆ ಪುಸ್ತಕದ ಗೆರೆಯೇ ನಿಲ್ಲುತ್ತದೆ.

ಇಲ್ಲಿ ಒಂದು ಸ್ವಾರಸ್ಯವುಂಟು. ಚಂಪಾವತ್ ಹುಲಿಗಾಗಿ ಸಿಕ್ಕಿದ ಈ ಕೋವಿ ಚಂಪಾವತ್ ಹುಲಿಯನ್ನು ಕೊಂದ ಕೋವಿ ಅಲ್ಲ! ಅಂದು ಕಾರ್ಬೆಟ್ ಹಿಡಿದುಕೊಂಡಿದ್ದುದು .500 ಬೋರಿನ ರೈಫಲು. ತೋಟೆ ಮುಗಿದುಹೋಗಿ ತಹಶೀಲ್ದಾರರ ಕೋವಿಯನ್ನು ಕೇಳಿ ತಂದು ಕೊನೆಯ ಈಡು ಹಾಕಿದರೆಂದು ಅವರೇ ಬರೆದಿದ್ದಾರೆ. ಉಡುಗೊರೆ ಬಂದದ್ದು ಆಮೇಲೆ. ತಗಡಿನಲ್ಲಿ ಬರೆದದ್ದು ಪೂರ್ತಿ ಸತ್ಯ, ಆದರೆ ಅದನ್ನು ಓಡಿ ಓದಿದವನು ತಪ್ಪು ತಿಳಿಯುತ್ತಾನೆ. ಸತ್ಯವಾದ ಬರಹವೇ ಹೀಗೆ ದಾರಿ ತಪ್ಪಿಸಬಹುದಾದರೆ, ಮಾರುವವನ ಬಾಯಲ್ಲಿ ಬರುವ “ಇದು ಇಂಥ ಮಹಾರಾಜರು ಹುಲಿ ಹೊಡೆದ ಕೋವಿ” ಎಂಬ ಮಾತಿನ ಗತಿಯೇನು?

ಹಳೆಯ ಬೇಟೆ ರೈಫಲುಗಳಲ್ಲಿ ಹೆಸರೊಂದೇ ಇದ್ದರೂ ಒಳಗಿನ ಜಾತಿ ಬೇರೆ ಬೇರೆ. ರಿಗ್ಬಿಯನ್ನೇ ನೋಡಿ. ಹುಟ್ಟಿದ್ದು ಹದಿನೆಂಟನೆಯ ಶತಮಾನದ ಡಬ್ಲಿನ್‌ನಲ್ಲಿ, ಲಂಡನ್ನಿಗೆ ಬಂದದ್ದು 1866ರಲ್ಲಿ. 1997ರಲ್ಲಿ ಹೆಸರು ಅಮೆರಿಕದವರಿಗೆ ಮಾರಿಹೋಗಿ ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿ ‘ರಿಗ್ಬಿ’ ತಯಾರಾಯಿತು, 2013ರಲ್ಲಿ ಮರಳಿ ಲಂಡನ್ನಿಗೆ ಬಂತು. ಹಾಗಾಗಿ ನಳಿಗೆಯ ಮೇಲೆ ರಿಗ್ಬಿ ಎಂದಿದ್ದರೆ ಸಾಲದು. ನಳಿಗೆಯ ಮೇಲಿನ ಅಂಗಡಿಯ ವಿಳಾಸ, ನಂಬರು, ತಯಾರಾದ ವರ್ಷ ಮೂರೂ ಹೊಂದಬೇಕು. ಇನ್ನೂ ಒಂದು ತೊಡಕಿದೆ. ಈ ಇಂಗ್ಲೀಷು ಕೋವಿಯ ಹೊಟ್ಟೆ ಜರ್ಮನಿಯದು! ತೋಟೆಯನ್ನು ಒಳಗೆ ತಳ್ಳಿ ಹಿಡಿದು ಹೊಡೆಯುವ ಉಕ್ಕಿನ ಭಾಗಕ್ಕೆ ಆ್ಯಕ್ಷನ್ ಎನ್ನುತ್ತಾರೆ. ರಿಗ್ಬಿಯವರು ಅದನ್ನು ಜರ್ಮನಿಯ ಮೌಸರ್ ಕಾರ್ಖಾನೆಯಿಂದ ತರಿಸಿಕೊಳ್ಳುತ್ತಿದ್ದರು. .275 ರಿಗ್ಬಿ ಎಂಬ ತೋಟೆ ಕೂಡ ಮೌಸರ್‌ನ 7 ಮಿಲಿಮೀಟರ್ ತೋಟೆಯೇ, ಹೆಸರು ಮಾತ್ರ ಇಂಗ್ಲೀಷು. ಜರ್ಮನ್ ಗುರುತು ಕಂಡೊಡನೆ ನಕಲಿ ಎಂದು ಕೂಗುವವನಿಗೂ ವಿಷಯ ಗೊತ್ತಿಲ್ಲ ಎಂದಾಯಿತು.

ಭಾರತಕ್ಕೆ ಬಂದ ಕೋವಿಗಳಲ್ಲಿ ಬೋರೇ ಒಂದು ಸಾಕ್ಷಿ. 1898ರಲ್ಲಿ ರಿಗ್ಬಿಯವರು .450 ಬೋರಿನ ಹೊಸ ಮದ್ದಿನ ದೊಡ್ಡ ರೈಫಲನ್ನು ತಂದರು. ಆನೆ, ಕಾಟಿಗಳ ಬೇಟೆಗೆ ಅದು ಬಹಳ ಹೆಸರು ಪಡೆಯಿತು. ಆದರೆ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಬೋರೂ ಅದೇ ಅಳತೆಯದು. ಬೇಟೆಯ ಹೆಸರಿನಲ್ಲಿ ಬಂದ ಸಾಮಾನು ದಂಗೆಕೋರರ ಕೈ ಸೇರೀತೆಂಬ ಭಯದಿಂದ ಬ್ರಿಟಿಷ್ ಸರಕಾರ 1907ರ ಸುಮಾರಿಗೆ ಭಾರತದಲ್ಲಿ .450 ಬೋರನ್ನು ನಿಷೇಧಿಸಿತು. ಲಂಡನ್, ಬರ್ಮಿಂಗ್‌ಹ್ಯಾಮಿನ ಕಂಪೆನಿಗಳಿಗೆ ಭಾರತವೆಂದರೆ ದೊಡ್ಡ ಸಂತೆ, ಅದನ್ನು ಬಿಡಲಾದೀತೇ? ಕೂಡಲೇ ಹಾಲೆಂಡ್ ಅಂಡ್ ಹಾಲೆಂಡ್‌ನವರ .465, ವೆಸ್ಟ್ಲಿ ರಿಚರ್ಡ್ಸ್‌ನವರ .476 ಬಂದವು. .470 ಬೋರಂತೂ ಎಲ್ಲ ಕಡೆ ಹರಡಿತು. ಇಷ್ಟು ತಿಳಿದವನ ಮುಂದೆ ಯಾರಾದರೂ .450 ಬೋರಿನ ರೈಫಲು ತಂದು “1915ರಲ್ಲಿ ಭಾರತದ ಒಬ್ಬ ತೋಟದ ದೊರೆಗಾಗಿ ಮಾಡಿಸಿದ್ದು” ಎಂದರೆ ಅವನ ಹುಬ್ಬು ಮೇಲೇರುತ್ತದೆ. ಇದೇ ರೀತಿ ಸೈನ್ಯದ .303 ತೋಟೆ ನಾಗರಿಕರಿಗೆ ಸಿಗದ ಕಾರಣ .315 ಬೋರಿನ ಬೇಟೆ ರೈಫಲು ಭಾರತಕ್ಕೆಂದೇ ಹೆಚ್ಚಾಗಿ ಬಂತು. ಬಿ.ಎಸ್.ಎ. ಕಂಪೆನಿ ಅದನ್ನು ಮಾಡಿ ಕಳುಹಿಸುತ್ತಿತ್ತು, ಮುಂದೆ ನಮ್ಮದೇ ಇಷಾಪುರದ ಸರಕಾರಿ ಕಾರ್ಖಾನೆಯೂ ಮಾಡಿತು.

ಅತ್ಯಂತ ಮುಖ್ಯವಾದ ಗುರುತು ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ಯಾವ ಕೋವಿಯನ್ನಾದರೂ ಮಾರುವ ಮೊದಲು ಸರಕಾರ ಒಪ್ಪಿದ ಪರೀಕ್ಷಾ ಗೃಹದಲ್ಲಿ ಹೆಚ್ಚು ಮದ್ದು ತುಂಬಿ ಹೊಡೆದು ನೋಡಬೇಕು. ನಳಿಗೆ ತಡೆದುಕೊಂಡರೆ ಅದರ ಮೇಲೆ ಠಸ್ಸೆ ಹೊಡೆಯುತ್ತಾರೆ. ಲಂಡನಿನಲ್ಲಿ ಒಂದು, ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾನೂನಿನಿಂದ ಸ್ಥಾಪಿತವಾದದ್ದು ಒಂದು. ಲಂಡನಿನ ಠಸ್ಸೆಯಲ್ಲಿ ಕಿರೀಟದ ಕೆಳಗೆ ‘ಜಿ’ ಮತ್ತು ‘ಪಿ’ ಹೆಣೆದುಕೊಂಡಿರುತ್ತವೆ. ಬರ್ಮಿಂಗ್‌ಹ್ಯಾಮಿನದ್ದರಲ್ಲಿ 1904ರ ತನಕ ಅಡ್ಡಲಾಗಿ ಇಟ್ಟ ಎರಡು ರಾಜದಂಡಗಳು, ಆಮೇಲೆ ಕಿರೀಟದ ಕೆಳಗೆ ‘ಬಿ.ಪಿ.’, ‘ಬಿ.ವಿ.’ ಎಂಬ ಅಕ್ಷರಗಳು. ಹೊಸ ನೈಟ್ರೋ ಮದ್ದಿಗೆ ಪರೀಕ್ಷೆಯಾದ ನಳಿಗೆಗೆ ‘ಎನ್.ಪಿ.’ ಎಂಬ ಅಕ್ಷರ ಇರುತ್ತದೆ. 1904ರ ಬಳಿಕದ ಲಂಡನಿನ ಠಸ್ಸೆಯಾದರೆ ಆ ಅಕ್ಷರಗಳ ಮೇಲೆ ಕತ್ತಿ ಹಿಡಿದ ಒಂದು ಕೈ. ಈ ಚುಕ್ಕೆಯಂಥ ಗುರುತುಗಳು ಕೋವಿ ಯಾವ ಕಾಲದ್ದು, ಎಲ್ಲಿ ಪರೀಕ್ಷೆಯಾಯಿತು, ಯಾವ ಮದ್ದಿಗೆ ತಕ್ಕದ್ದು ಎಂದು ಒಟ್ಟಿಗೆ ಹೇಳಿಬಿಡುತ್ತವೆ. 1890ರ ಕೋವಿ ಎಂದು ಹೇಳಿ ಕೆಳಗೆ 1904ರ ನಂತರದ ಠಸ್ಸೆ ಮಾತ್ರ ಇದ್ದರೆ, ಒಂದೋ ನಳಿಗೆ ಬದಲಾಗಿದೆ, ಇಲ್ಲವೇ ಕತೆ ಬದಲಾಗಿದೆ.

ಅಮೆರಿಕದವರ ಅನುಭವ ನಮಗಿಂತ ಹೆಚ್ಚು ಕಹಿ. ಅಲ್ಲಿಯ ವಿಂಚೆಸ್ಟರ್ ಕಂಪೆನಿ 1873ನೆಯ ಮಾದರಿಯ ರೈಫಲನ್ನು ಒಟ್ಟು 7 ಲಕ್ಷ 20 ಸಾವಿರದಷ್ಟು ಮಾಡಿತು. ಅವುಗಳಲ್ಲಿ ಪರೀಕ್ಷೆಯಲ್ಲಿ ಬಹಳ ನೇರ ಗುರಿ ತೋರಿದ ನಳಿಗೆಗಳನ್ನು ಆರಿಸಿ, ‘ಸಾವಿರದಲ್ಲೊಂದು’ ಎಂದು ಕೆತ್ತಿ, ನೂರು ಡಾಲರಿಗೆ ಮಾರುವುದಾಗಿ 1875ರಲ್ಲಿ ಪ್ರಕಟಿಸಿತು. ಹಾಗೆ ಹೊರಬಂದವು ನೂರಮೂವತ್ತು ಚಿಲ್ಲರೆ ಮಾತ್ರ. 1950ರಲ್ಲಿ ಈ ಕೋವಿಯ ಮೇಲೆ ಒಂದು ಸಿನಿಮಾ ಬಂತು. ಅದರ ಪ್ರಚಾರಕ್ಕೆಂದು ಸಿನಿಮಾ ಕಂಪೆನಿಯವರು ಉಳಿದ ‘ಸಾವಿರದಲ್ಲೊಂದು’ಗಳನ್ನು ದೇಶವಿಡೀ ಹುಡುಕಿಸಿದರು. ಬೆಲೆ ಏರಿತು. ಬೆಲೆ ಏರಿದಲ್ಲಿ ಕೆತ್ತುವವರಿಗೇನು ಬರಗಾಲ? ಸಾಮಾನ್ಯ ರೈಫಲಿನ ಮೇಲೆ ಎರಡು ಪದ ಕೆತ್ತಿದರೆ ಬೆಲೆ ಹತ್ತಾರು ಪಟ್ಟು. ಆದರೆ ಆ ಕಂಪೆನಿಯ ಹಳೆಯ ಲೆಕ್ಕದ ಪುಸ್ತಕಗಳು ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರಿನ ಮ್ಯೂಸಿಯಮ್ಮಿನಲ್ಲಿ ಉಳಿದಿವೆ. ನಂಬರು ಬರೆದು ಕೇಳಿದರೆ, ಆ ಕೋವಿ ಯಾವ ರೂಪದಲ್ಲಿ ಕಾರ್ಖಾನೆ ಬಿಟ್ಟಿತೆಂದು ನೋಡಿ ಪತ್ರ ಕೊಡುತ್ತಾರೆ. ಕಳ್ಳನಿಗೆ ಉಕ್ಕಿನಲ್ಲಿ ಕೆತ್ತಲು ಸಾಧ್ಯ, ಕೋಡಿಯ ಪುಸ್ತಕದೊಳಗೆ ಹೋಗಿ ಬರೆಯಲು ಸಾಧ್ಯವಿಲ್ಲ.

ಅದೇ ಕಂಪೆನಿಯ ಇನ್ನೊಂದು ಕೋವಿಯಲ್ಲಿ ಪುಸ್ತಕವಿಲ್ಲದ ಕಷ್ಟ ನೋಡಿ. 1936ರಿಂದ 1963ರ ವರೆಗೆ ಮಾಡಿದ ‘ಮಾಡೆಲ್ 70’ ಎಂಬ ಬೇಟೆ ರೈಫಲಿಗೆ ಅಲ್ಲಿ ಬಹಳ ಮರ್ಯಾದೆ. 1964ರಲ್ಲಿ ಖರ್ಚು ಉಳಿಸಲು ಒಳಗಿನ ರಚನೆಯನ್ನೇ ಬದಲಿಸಿದ್ದರಿಂದ ಹಳೆಯದಕ್ಕೆ ಬೆಲೆ ಹೆಚ್ಚಿತು. ಅದರಲ್ಲೂ .300 ಸ್ಯಾವೇಜ್, .35 ರೆಮಿಂಗ್ಟನ್‌ನಂಥ ವಿರಳ ಬೋರಿನವಕ್ಕೆ ಸಂಗ್ರಹಗಾರರು ಸುರಿಯುತ್ತಾರೆ. ಆದರೆ ಇಂಥ ನಂಬರು ಇಂಥ ಬೋರಿನಲ್ಲಿ ಹೊರಟಿತೆಂಬ ಪೂರ್ತಿ ಲೆಕ್ಕ ಈ ಮಾದರಿಗೆ ಸಿಗದು. ಆದುದರಿಂದ ಕೋವಿಯನ್ನೇ ಬಿಚ್ಚಿ ಕೇಳಬೇಕು. ನಳಿಗೆಯ ಅಡಿಯಲ್ಲಿ ಹೊಡೆದ ವರ್ಷಕ್ಕೂ ನಂಬರಿಗೂ ಹೊಂದಾಣಿಕೆ ಇದೆಯೇ? ಬೋರಿನ ಅಕ್ಷರಗಳು ಆ ಕಾಲದ ಅಚ್ಚಿನವೇ? ಮೋಸಗಾರ ಹೊರಗಿನ ನಳಿಗೆಯನ್ನು ಬದಲಿಸಿರುತ್ತಾನೆ. ಗಿಡ್ಡ ತೋಟೆಗಾಗಿ ಕಾರ್ಖಾನೆಯವರು ತೋಟೆಯ ಪೆಟ್ಟಿಗೆಯೊಳಗೆ ಇಡುತ್ತಿದ್ದ ಸಣ್ಣ ತಡೆಯನ್ನು ಇಡಲು ಮರೆತಿರುತ್ತಾನೆ. ಪರೀಕ್ಷೆಯಲ್ಲಿ ಉತ್ತರ ಕದ್ದು ಬರೆಯುವ ನಮ್ಮ ಹುಡುಗರ ಹಾಗೆ. ಉತ್ತರ ಸರಿ, ಲೆಕ್ಕ ಮಾಡಿದ ದಾರಿ ಮಾತ್ರ ಕಾಣುವುದಿಲ್ಲ.

ಮೇಷ್ಟ್ರುಗಳಿಗೆ ಇಷ್ಟವಾಗುವ ಇನ್ನೊಂದು ಜಾತಿಯ ನಕಲಿಯೂ ಇದೆ. ಖೈಬರ್ ಕಣಿವೆಯ ಕಡೆಯ ದರ್ರಾ ಊರಿನ ಕಮ್ಮಾರರು ಇಂಗ್ಲೀಷು ಬಂದೂಕುಗಳನ್ನು ಕೈಯಲ್ಲೇ ಮಾಡಿದರು. ಕೈಚಳಕ ಮೆಚ್ಚಬೇಕಾದ್ದೇ. ಆದರೆ ‘ಎನ್‌ಫೀಲ್ಡ್’ ಎಂಬ ಶಬ್ದದ ‘ಎನ್’ ಅಕ್ಷರ ತಿರುಗಿರುತ್ತದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಅವಳ ಹೆಸರಿನ ಮುದ್ರೆಯ ಕೆಳಗೆ ಆಮೇಲಿನ ವರ್ಷ ಇರುತ್ತದೆ!

ಇನ್ನು ನಮ್ಮ ಊರಿನ ಮಾತು. ಕಾಸರಗೋಡಿನ ಅಡಿಕೆ ತೋಟದ ಮನೆಗಳಲ್ಲಿ ಇರುವವು ಹೆಚ್ಚಾಗಿ ಮಂಗ, ಹಂದಿ ಓಡಿಸುವ ಕೇಪಿನ ಕೋವಿ, ತೋಟಾ ಕೋವಿಗಳು. ರೈಫಲು ವಿರಳ, ಕೊಡಗಿನ ಕಾಫಿ ತೋಟಗಳ ಸಂಬಂಧವಿದ್ದ ಮನೆಗಳಲ್ಲಿ ಒಂದೊಂದು ಇದ್ದೀತು. ಆದರೆ ನಾನು ಮೇಲೆ ಹೇಳಿದ ಠಸ್ಸೆಗಳು ಇಂಗ್ಲೆಂಡಿನಿಂದ ಬಂದ ಜೋಡು ನಳಿಗೆಯ ತೋಟಾ ಕೋವಿಯಲ್ಲಿಯೂ ಹಾಗೆಯೇ ಇರುತ್ತವೆ.

ನನ್ನ ಹತ್ತಿರದ ಬಂಧುಗಳ ಮನೆಯಲ್ಲಿ ಅಂಥದೊಂದಿತ್ತು. ಅಜ್ಜ ತೀರಿಕೊಂಡ ಮೇಲೆ ಭಾವ ಅದನ್ನು “ಸ್ವಲ್ಪ ಚಂದ ಮಾಡಿಸುವ” ಎಂದು ಪೇಟೆಯ ಒಂದು ಕಾರ್ಯಾಗಾರಕ್ಕೆ ಕೊಟ್ಟರು. ಅವರು ಯಂತ್ರಕ್ಕೆ ಹಿಡಿದು ಕನ್ನಡಿಯಂತೆ ಉಜ್ಜಿ, ಕಪ್ಪು ಬಣ್ಣ ಹೊಡೆದು ಕೊಟ್ಟರು. ಮನೆಯವರಿಗೆಲ್ಲ ಸಂತೋಷ. ಕೆಲವು ತಿಂಗಳ ಬಳಿಕ ಬಲ್ಲವರೊಬ್ಬರು ಬಂದು ಮುಂದಿನ ಮರವನ್ನು ಬಿಚ್ಚಿ ನಳಿಗೆಯ ಅಡಿ ನೋಡಿದರು. ಕಿರೀಟದ ಮೇಲಿನ ಅರ್ಧ ಉಳಿದಿತ್ತು. ಅಕ್ಷರಗಳಿಲ್ಲ, ನಂಬರಿನ ಕೊನೆಯ ಎರಡು ಅಂಕೆ ಇಲ್ಲ. “ಯಾರದ್ದು, ಎಂದಿನದ್ದು ಎಂದು ಇನ್ನು ಯಾರೂ ಹೇಳಲಾರರು ಭಾವಯ್ಯ, ಹೊಡೆಯುವುದೂ ಬೇಡ” ಎಂದು ಹೇಳಿ ಚಹಾ ಕುಡಿದು ಹೋದರು.

ಅವರ “ಹೊಡೆಯುವುದೂ ಬೇಡ” ಎಂಬ ಮಾತನ್ನು ಹಗುರವಾಗಿ ಕಾಣಬಾರದು. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಹಳೆಯ ನಳಿಗೆಗೆ ಇಂದಿನ ತೋಟೆ ಹಾಕಿದರೆ ನಳಿಗೆ ಸಿಡಿದು ಹೊಡೆದವನ ಕೈಯೇ ಹೋಗಬಹುದು. ಬೆಳೆ ತಿನ್ನುವ ಕಾಡುಹಂದಿಯನ್ನು ಲೈಸನ್ಸಿನ ಕೋವಿಯವರಿಂದ ಹೊಡೆಸಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಮುಖ್ಯಸ್ಥರಿಗೆ ಕೊಟ್ಟ ಮೇಲೆ ಹಳೆಯ ಕೋವಿಗಳ ಮೇಲೆ ಜನರ ಕಣ್ಣು ಮತ್ತೆ ಬಿದ್ದಿದೆ. ‘ಎನ್.ಪಿ.’ ಅಕ್ಷರ ಇಲ್ಲದ, ಅಥವಾ ಉಜ್ಜಿಹೋದ ನಳಿಗೆಯ ಹತ್ತಿರ ಹೋಗಬೇಡಿ ಎಂದು ತೋಟದ ಮಹನೀಯರಲ್ಲಿ ನನ್ನ ಪ್ರಾರ್ಥನೆ.

ಕಾಗದದ ವಿಷಯದಲ್ಲಿ ನಮ್ಮ ಮನೆಗಳಿಗೆ ಬೇರೆಯವರಿಗಿಲ್ಲದ ಒಂದು ಸಂಪತ್ತಿದೆ. 1956ರ ನವೆಂಬರ್ 1ರ ತನಕ ನಾವು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆಮೇಲೆ ಕಣ್ಣೂರು ಜಿಲ್ಲೆಗೆ ಸೇರಿದೆವು, 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಅಜ್ಜನ ಕಾಲದ ಲೈಸನ್ಸು ಪುಸ್ತಕ ಮಂಗಳೂರಿನ ಠಸ್ಸೆಯಿಂದ ಹೊರಟು, ಕಣ್ಣೂರಿನ ಠಸ್ಸೆ ಹೊತ್ತು, ಕಾಸರಗೋಡಿಗೆ ಬಂದಿರಬಹುದು. ಅದರಲ್ಲಿ ಕೋವಿಯ ನಂಬರು, ಮಾಡಿದವರ ಹೆಸರು, ಬೋರು ಬರೆದಿರುತ್ತದೆ. ಕೋಡಿಯ ಲೆಕ್ಕದ ಪುಸ್ತಕ ಅಮೆರಿಕದವರಿಗೆ ಏನೋ, ಈ ಹರಿದ ಪುಸ್ತಕ ನಮಗೆ ಅದೇ. ಹೊಸ ಪುಸ್ತಕ ಬಂದೊಡನೆ ಹಳೆಯದನ್ನು ಒಲೆಗೆ ಹಾಕಿದ ಮನೆಗಳನ್ನೂ, ಅಟ್ಟದಲ್ಲಿ ಒರಲೆಗೆ ಬಿಟ್ಟ ಮನೆಗಳನ್ನೂ ನಾನು ಬಲ್ಲೆ.

ಇನ್ನು ಸರಕಾರದವರೊಡನೆ ಎರಡು ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಒಬ್ಬನಿಗೆ ಎರಡು ಕೋವಿಗಳಿಗಿಂತ ಹೆಚ್ಚು ಸಲ್ಲದು. ಮೊದಲು ಮೂರು ಇತ್ತು. ಹಿರಿಯರಿಂದ ಬಂದುದಕ್ಕೂ ಇದೇ ಮಿತಿ. ಹೆಚ್ಚಿನದನ್ನು ಪೋಲೀಸು ಠಾಣೆಗೋ ಲೈಸನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ಲೈಸನ್ಸುದಾರ ತೀರಿಕೊಂಡರೂ ಹಾಗೆಯೇ. ಗೊತ್ತಾದ ಅವಧಿಯೊಳಗೆ ವಾರಸುದಾರ ಬಿಡಿಸಿಕೊಳ್ಳದಿದ್ದರೆ ಜಿಲ್ಲಾಧಿಕಾರಿಯ ಆಜ್ಞೆಯಿಂದ ಅದು ಸರಕಾರಕ್ಕೆ ಮುಟ್ಟುಗೋಲಾಗುತ್ತದೆ. ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ. ಆಮೇಲಿನ ದಾರಿಯ ಬಗ್ಗೆ ತಕರಾರು. ರಾಶಿಯಲ್ಲಿ ಬಿದ್ದ ಕೋವಿಗಳಲ್ಲಿ ನೂರಕ್ಕೆ ತೊಂಬತ್ತೈದು ಗುಜರಿಯೇ ಇರಬಹುದು. ಉಳಿದ ಐದನ್ನು ಗುರುತಿಸಲು ಬಲ್ಲವನೊಬ್ಬ ಮರ ಬಿಚ್ಚಿ ನಳಿಗೆಯ ಅಡಿ ನೋಡಿದರೆ ಸಾಕು, ಒಂದಕ್ಕೆ ಹತ್ತು ನಿಮಿಷದ ಕೆಲಸ. ಮುಟ್ಟುಗೋಲಾದ ಯಾವ ಕೋವಿಯನ್ನೂ ನಂಬರು, ಹೆಸರು, ಠಸ್ಸೆಗಳನ್ನು ಬರೆದು ಫೋಟೋ ತೆಗೆದಿಡದೆ ಕುಲುಮೆಗೆ ಕಳುಹಿಸಬಾರದು. ನೂರು ವರ್ಷ ದಾಟಿದ್ದನ್ನು ಪುರಾತತ್ವ ಇಲಾಖೆಯವರು ಒಮ್ಮೆ ನೋಡಬೇಕು. ಇದು ನನ್ನ ಬೇಡಿಕೆ.

“ಕೊಲ್ಲುವ ವಸ್ತುವಿಗೆ ಇಷ್ಟು ಉಪಚಾರ ಯಾಕೆ ಮಾಷ್ಟ್ರೇ, ಕರಗಿದರೆ ಒಳ್ಳೆಯದಲ್ಲವೇ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಬೇಟೆಗಾರನಲ್ಲ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿದ್ದು ಒಳ್ಳೆಯದೇ ಆಯಿತೆಂದು ತಿಳಿದವನು. ಆದರೆ ಹೊಡೆಯಲು ಬಾರದಂತೆ ಮಾಡಿದ ಕೋವಿಯಿಂದ ಯಾರಿಗೂ ಅಪಾಯವಿಲ್ಲ. ರಿಪೇರಿ ಮಾಡಿದರೂ ಹೊಡೆಯಲಾಗದ ಹಳೆಯ ಆಯುಧಕ್ಕೆ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮೇ ರಿಯಾಯಿತಿ ಕೊಡುತ್ತದೆ. ಅಂಥದನ್ನು ಮ್ಯೂಸಿಯಮ್ಮಿನ ಗಾಜಿನೊಳಗಿಟ್ಟು ಈ ಪ್ರಾಂತದಲ್ಲಿ ಯಾರು, ಯಾವಾಗ, ಏನನ್ನು ಹೊತ್ತು ತಂದರೆಂದು ಮಕ್ಕಳಿಗೆ ತೋರಿಸಬಹುದು. ಕರಗಿಸಿದ ಮೇಲೆ ತೋರಿಸಲು ಏನಿದೆ?

ಹಳೆಯ ಕೋವಿ ಕೇಳಿಕೊಂಡು ಬಂದು “ಹೊರದೇಶದಲ್ಲಿ ಒಳ್ಳೆಯ ಕ್ರಯ ಉಂಟು” ಎನ್ನುವವರ ಬಗ್ಗೆಯೂ ಎಚ್ಚರ ಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಅಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಲೈಸನ್ಸಿಲ್ಲದೆ ಕೈಬದಲು ಮಾಡುವುದೂ ಅಪರಾಧ. ಬಂದವನು ಪೇಟೆಗೆ ಹೋದ ಮೇಲೆ ಠಾಣೆಗೆ ಹೋಗಬೇಕಾದವರು ಮನೆಯವರು.

ಪ್ರಶ್ನೆ ಕೇಳಿದ ಹುಡುಗ ಮುಂದಿನ ಸೋಮವಾರ ಒಂದು ಚೀಟಿ ತಂದಿದ್ದ. ಮನೆಯ ಲೈಸನ್ಸಿನ ಕೋವಿಯನ್ನು ದೊಡ್ಡಪ್ಪ ಎಣ್ಣೆ ಹಾಕಲು ಬಿಚ್ಚಿದಾಗ ಹತ್ತಿರ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡದ್ದಂತೆ. ನಂಬರು, ಒಂದು ಕಿರೀಟ, ಅದರ ಕೆಳಗೆ ‘ಬಿ.ವಿ.’, ಪಕ್ಕದಲ್ಲಿ ಇನ್ನೊಂದು ಕಿರೀಟ, ‘ಎನ್.ಪಿ.’. ಬರ್ಮಿಂಗ್‌ಹ್ಯಾಮ್, 1904ರ ಬಳಿಕದ್ದು, ನೈಟ್ರೋ ಮದ್ದಿಗೆ ಪರೀಕ್ಷೆಯಾದದ್ದು ಎಂದು ಹೇಳಿದೆ. ಚೀಟಿಯನ್ನು ಹಳೆಯ ಲೈಸನ್ಸು ಪುಸ್ತಕದೊಳಗೆ ಇಡಲು ಹೇಳಿ ಹಿಂದೆ ಕೊಟ್ಟೆ.